ಮೂಲೆ ಮಷೀನಿನ ಬಿಕ್ಕಳಿಕೆ

ದೊಡ್ಡ ಸರೋವರದ ದಂಡೆಯ ಊರು ಮ್ವಾಂಜಾದ ಕಿರುಂಬಾ ಕೇರಿಯಲ್ಲಿ ಕುಲ್ವಾನವ್ವನ ಆಟದಂಗಡಿ ಅಂದರೆ ಸರೋವರದ ಮೀನಿಗೂ ಗೊತ್ತು. ಮೀನುಪೇಟೆಯ ಬೆನ್ನಿಗೇ ಅಂಟಿಕೊಂಡ ತಗಡಿನ ಕೋಣೆ ಅದು. ಗೋಡೆಗೆಲ್ಲ ಮೀನಿನ ವಾಸನೆ ಎಷ್ಟು ಹಿಡಿದಿತ್ತೆಂದರೆ, ಬೀದಿ ಬೆಕ್ಕುಗಳು ಒಳಗೆ ನುಗ್ಗಿ ಕಂಪ್ಯೂಟರನ್ನೇ ನೆಕ್ಕಿ ನೋಡಿ, ಮೋಸ ಹೋದೆವಲ್ಲಾ ಎಂದು ಬೈದುಕೊಂಡು ಹೊರಗೆ ಹೋಗುತ್ತಿದ್ದವು.

ಅಲ್ಲಿದ್ದ ಕಂಪ್ಯೂಟರುಗಳೆಲ್ಲ ಯೂರೋಪಿನ ಯಾವುದೋ ಆಫೀಸಿನವರು ಸಾಕಪ್ಪಾ ಸಾಕು ಎಂದು ಬಿಸಾಕಿದವು. ಹಡಗು ಹತ್ತಿ ಬಂದು, ಲಾರಿಯಲ್ಲಿ ಮೈಕೈ ನೋಯಿಸಿಕೊಂಡು ಮ್ವಾಂಜಾ ಮುಟ್ಟಿದ್ದವು. ಹೊಸ ಆಟ ಹಾಕಿದರೆ ಅವಕ್ಕೆ ಜ್ವರ ಬರುತ್ತಿತ್ತು. ಹಾಗಾಗಿ ಹಳೆಯ ಆಟಗಳೇ. ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದುದು ಒಂದು ಓಬೀರಾಯನ ಕಾಲದ ಫುಟ್‌ಬಾಲ್ ಆಟ. ಅದರೊಳಗಿನ ಆಟಗಾರರಿಗೆ ಹೊರಗೆ ನಿಜವಾದ ಬದುಕಿನಲ್ಲಿ ಹೊಟ್ಟೆ ಬಂದು, ಕೂದಲು ಉದುರಿ, ಮಕ್ಕಳ ಮದುವೆಯೂ ಆಗಿತ್ತು. ಪರದೆಯ ಒಳಗೆ ಮಾತ್ರ ಅವರು ಇನ್ನೂ ಜಿಂಕೆಮರಿಗಳು.

ಆ ಅಂಗಡಿಯ ಮಷೀನುಗಳಿಗೆಲ್ಲ ವೈದ್ಯ ಲುಹೆಂಡೆ. ರಿಪೇರಿ ಮಾಡುವವರನ್ನು ಆ ಊರಲ್ಲಿ ಫುಂಡಿ ಅನ್ನುತ್ತಾರೆ, ಲುಹೆಂಡೆಯನ್ನೂ ಎಲ್ಲರೂ ಫುಂಡಿ ಅಂತಲೇ ಕರೆದು ಕರೆದು ಅವನ ಸ್ವಂತ ಹೆಸರು ಅವನ ಅಕ್ಕನಿಗೆ ಮಾತ್ರ ನೆನಪಿತ್ತು. ರೇಡಿಯೋ, ಇಸ್ತ್ರಿಪೆಟ್ಟಿಗೆ, ದೋಣಿಯ ದೀಪ, ಏನೇ ಕೊಡಿ, ಸರಿ ಮಾಡುತ್ತಿದ್ದ. ಕೆಟ್ಟದ್ದನ್ನು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಅವನ ಗುಣವೂ ಅದೇ, ರೋಗವೂ ಅದೇ.

ಅವನಿಗೆ ಜಗ್ಗದೆ ಕೂತಿದ್ದದ್ದು ಒಂದೇ, ಮೂಲೆ ಮಷೀನು. ದೊಡ್ಡ ಟಿವಿಗೆ ಜೋಡಿಸಿದ್ದು ಅದನ್ನೇ. ಆಟ ಸಲೀಸಾಗಿ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ಡಬ್ಬದೊಳಗೆ ‘ಟಿಕ್’ ಅಂತ ಸದ್ದು, ಪರದೆಯೆಲ್ಲ ಗಕ್ಕನೆ ನಿಂತುಬಿಡುತ್ತದೆ. ಚೆಂಡು ಗಾಳಿಯಲ್ಲಿ, ಓಡುವವನ ಕಾಲು ಅರ್ಧದಲ್ಲಿ, ಗೋಲು ಕಾಯುವ ಗೋಲಿಯ ಬಾಯಿ ತೆರೆದಂತೆ. ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಮತ್ತೆ ಓಟ. ಸ್ವಲ್ಪ ಹೊತ್ತಿಗೆ ಮತ್ತೆ ‘ಟಿಕ್’. ಅಂಗಡಿಯವರು ಇದಕ್ಕೆ ಬಿಕ್ಕಳಿಕೆ ಅಂತ ಹೆಸರಿಟ್ಟಿದ್ದರು. ಕುಲ್ವಾನವ್ವ ಅದರ ತಲೆಗೆ ಮೊಟಕಿ ನೋಡಿದ್ದಳು, ಹೆದರಿಸಿ ನೋಡಿದ್ದಳು, ನೀರು ಕುಡಿಸುವುದೊಂದು ಬಾಕಿ.

ಆ ಮಷೀನಿನ ಮುಂದೆ ಕೂರಲು ಯಾರಿಗೂ ಇಷ್ಟವಿಲ್ಲ, ಶಿಜಾನೊಬ್ಬನನ್ನು ಬಿಟ್ಟು.

ಶಿಜಾ ಮೀನುಪೇಟೆಯ ಹಮಾಲಿ. ಎಮ್ಮೆಯಂಥ ಭುಜ, ತೊಟ್ಟಿಲ ಮಗುವಿನಂಥ ಮನಸ್ಸು. ಅವನಿಗೆ ಉಗ್ಗು. ಅಂಥಿಂಥ ಉಗ್ಗಲ್ಲ, ಎದುರಿಗೆ ಬಂದ ಹಿರಿಯರಿಗೆ ಅವನು ‘ಶಿಕಾಮೋ’ ಎಂದು ನಮಸ್ಕಾರ ಹೇಳಲು ಬಾಯಿ ತೆರೆದರೆ, ‘ಮೋ’ ಬರುವ ಹೊತ್ತಿಗೆ ಹಿರಿಯರು ಮನೆ ಮುಟ್ಟಿ, ಉಂಡು, ಕೈ ತೊಳೆದಿರುತ್ತಿದ್ದರು. ಪೇಟೆಯಲ್ಲಿ ಅವನು ಬೆರಳು ತೋರಿಸಿ, ತಲೆಯಾಡಿಸಿ ದಿನ ಕಳೆಯುತ್ತಿದ್ದ. ಆದರೆ ಮೂಲೆ ಮಷೀನಿನ ಮುಂದೆ ಕೂತು, ಜಾಯ್‌ಸ್ಟಿಕ್ ಕೈಗೆ ತೆಗೆದುಕೊಂಡನೋ, ಮುಗಿಯಿತು. ಆ ಟಿವಿಯ ಸ್ಪೀಕರು ಯಾವತ್ತೋ ಸತ್ತಿತ್ತು, ಆಟಕ್ಕೆ ಮಾತೇ ಇರಲಿಲ್ಲ. ಮಾತನ್ನು ಶಿಜಾ ಕೊಡುತ್ತಿದ್ದ.

“ಬಂದ ನೋಡಿ, ಎಡಗಡೆಯಿಂದ ಬಂದ, ಸಂತೆಗೆ ತಡ ಆದ ಸೊಸೆ ಹಾಗೆ ಸೆರಗು ಸಿಕ್ಕಿಸಿಕೊಂಡು ಬಂದ!”

ಟಿಕ್.

“ಕೊಟ್ಟ, ಒಳಗಡೆ ಕೊಟ್ಟ, ಇವನು ತಗೊಳ್ಲಿಲ್ಲ, ಅತ್ತೆ ಮನೆ ತಂಗಳು ಉಗಾಲಿ ಮುದ್ದೆ ಅಂತ ಮುಖ ತಿರುಗಿಸ್ದ!”

ಟಿಕ್.

“ಗೋಲಿ ಕಡೆ ನೋಡ್ರಪ್ಪಾ, ಕಸದ ಗುಡ್ಡೆ ಕೊಕ್ಕರೆ ಹಾಗೆ ಒಂಟಿಕಾಲಲ್ಲಿ ನಿದ್ದೆ ಹೊಡೀತಾವ್ನೆ, ಎಬ್ಬಿಸ್ಲಾ ಅಣ್ಣಾ? ಎಬ್ಬಿಸ್ತೀನಿ ತಾಳು!”

ಒಂದಕ್ಷರ ತಡವರಿಸುತ್ತಿರಲಿಲ್ಲ. ಜನ ಆಟ ನೋಡಲು ಬರುತ್ತಿರಲಿಲ್ಲ, ಇವನನ್ನು ಕೇಳಲು ಬರುತ್ತಿದ್ದರು. ಬಾಗಿಲಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರು ಬುಟ್ಟಿ ಇಳಿಸಲು ಮರೆತು ನಗುತ್ತಿದ್ದರು. ಗೋಲಾದಾಗ ತಗಡಿನ ಮಾಡು ಎದ್ದು ಪಕ್ಕದ ಓಣಿಗೆ ಹೋಗಿ ಕೂತು ಬರುತ್ತಿತ್ತು ಅಂತ ಹೇಳುತ್ತಾರೆ. ಆಟ ಮುಗಿಸಿ ಶಿಜಾ ಹೊರಗೆ ಬಂದು ಚಹಾ ಕೇಳಬೇಕೆಂದರೆ ಮತ್ತೆ ‘ಚ... ಚ...’ ಅಂತ ಗೂಡಂಗಡಿಯ ಮುಂದೆ ನಿಂತಿರುತ್ತಿದ್ದ.

ಯಾಕೆ ಹೀಗೆ ಅಂತ ಯಾರೂ ಯೋಚಿಸಿರಲಿಲ್ಲ. ಗೆಲುವಿನ ಖುಷಿ ಅಂದುಕೊಂಡಿದ್ದರು. ಫುಂಡಿಯೂ ಹಾಗೇ ಅಂದುಕೊಂಡಿದ್ದ.

ಹೀಗಿರುವಾಗ ಮಗೇಸಾ ಅಜ್ಜ ಬಂದ. ಸರೋವರದ ದಂಡೆಯಲ್ಲಿ ಬೇಸಿಗೆಗೆ ಬೆಸ್ತರ ತಂಡಗಳ ಫುಟ್‌ಬಾಲ್ ನಡೆಯುತ್ತದಲ್ಲ, ಅದರ ಯಜಮಾನ ಅವನು. ಮೈಕಿನಲ್ಲಿ ಆಟ ಹೇಳುತ್ತಿದ್ದವನು ಸಂಸಾರ ಸಮೇತ ದೂರದ ದೊಡ್ಡ ಪಟ್ಟಣ ದಾರ್‌ಗೆ ಹೋಗಿಬಿಟ್ಟಿದ್ದ. ಮೈಕು ಅನಾಥವಾಗಿತ್ತು. ಅಜ್ಜ ಕುಲ್ವಾನವ್ವನ ಹತ್ತಿರ ಕಷ್ಟ ಹೇಳಿಕೊಂಡ.

“ಅಜ್ಜಾ, ನೀವು ಶಿಜಾನ್ನ ಕೇಳಿಲ್ವಾ? ಅವನು ಆಟ ಹೇಳಿದ್ರೆ ಸತ್ತ ಹೆಣ ಎದ್ದು ಯಾರು ಗೆದ್ರು ಅಂತ ಕೇಳುತ್ತೆ” ಅಂದಳು ಅವಳು.

“ಯಾವ ಶಿಜಾ? ಆ ಉಗ್ಗ ಹಮಾಲಿನಾ? ಮುದುಕನ್ನ ಆಡ್ಕೋಬೇಡ ಕಣವ್ವಾ.”

“ಶನಿವಾರ ಬಂದು ನಿಮ್ಮ ಕಿವಿಯಲ್ಲೇ ಕೇಳಿ. ಸುಳ್ಳಾದ್ರೆ ನನ್ನ ಹೆಸರು ಬದಲಾಯಿಸಿ.”

ಅವಳ ಮಗ ಡೋಟೋ ಅಲ್ಲೇ ಬಾಗಿಲಿಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದ. ಅವಳಿಜವಳಿಯಲ್ಲಿ ಎರಡನೆಯವನು. ಮೊದಲು ಹುಟ್ಟಿದ ಕುಲ್ವಾನ ಹೆಸರಲ್ಲೇ ಊರೆಲ್ಲ ಅವ್ವನನ್ನು ಕರೆಯುತ್ತದೆಂದು ಅವನಿಗೆ ಹುಟ್ಟಿದಾಗಿನಿಂದ ಸಂಕಟ. “ಬದಲಾಯಿಸೋದಾದ್ರೆ ಡೋಟೋನವ್ವ ಅಂತ ಇಡಿ ಅಜ್ಜಾ” ಅಂದ.

ಆವತ್ತು ಶಿಜಾ ಫುಂಡಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಒಂದು ಮಾತು ಹೇಳಲು ಶುರುಮಾಡಿದ. ಚಹಾ ಬಂತು, ಆರಿತು, ನೊಣ ಬಿತ್ತು, ಬೇರೆ ಚಹಾ ಬಂತು. ಆಗ ಮಾತು ಮುಗಿಯಿತು.

“ನ... ನಂಗೆ ಆ ಮೈ... ಮೈಕು ಬೇಕು ಫುಂಡಿ.”

ಆ ಮನುಷ್ಯ ಅಲ್ಲಿಯವರೆಗೆ ಇದು ಬೇಕು ಅಂತ ಏನನ್ನೂ ಕೇಳಿರಲಿಲ್ಲ. ಅವನ ಕಣ್ಣಲ್ಲಿ ಏನೋ ಇತ್ತು, ಅದನ್ನು ನೋಡಿ ಫುಂಡಿಯ ಕೈ ಜೇಬಿಗೆ ಹೋಯಿತು. ಯಾರ ಸಂಕಟಕ್ಕೂ ಅವನಿಗೆ ಗೊತ್ತಿದ್ದ ಔಷಧ ಒಂದೇ, ತಿರುಪುಳಿ.

“ಕೊಡಿಸ್ತೀನಿ ಕಣೋ. ಆ ಮೂಲೆ ಮಷೀನನ್ನ ಶನಿವಾರದೊಳಗೆ ಸರಿ ಮಾಡ್ತೀನಿ. ನೀನು ಹೊಳೆ ಹಾಗೆ ಹೇಳ್ತಾ ಇರ್ತೀಯ, ಅದು ನಡುನಡುವೆ ಕಲ್ಲು ಹಾಕುತ್ತೆ. ಅಜ್ಜ ಬಂದಾಗ ಆಟ ಎಣ್ಣೆ ಹಾಗೆ ಹರೀಬೇಕು.”

“ಇ... ಇರ್ಲಿ ಬಿ... ಬಿಡು.”

“ಇರ್ಲಿ ಬಿಡು ಅನ್ನೋ ಮಾತು ನನ್ನ ಡಿಕ್ಷನರಿಯಲ್ಲಿ ಇಲ್ಲ.”

ಸೋಮವಾರ ಡಬ್ಬ ಬಿಚ್ಚಿದ. ಒಳಗಿದ್ದ ಧೂಳಿನಲ್ಲಿ ಜೋಳ ಬಿತ್ತಿದ್ದರೆ ಮೊಳಕೆ ಬರುತ್ತಿತ್ತು. ಮೀನಿನ ಪೊರೆ, ಮರಳು, ಜಿರಳೆಗಳ ಒಂದು ಇಡೀ ಗ್ರಾಮಪಂಚಾಯ್ತಿ. ಬಿಸಿಗೆ ಬಿಕ್ಕಳಿಸುತ್ತಿರಬಹುದೆಂದು ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿ ಇಟ್ಟ. ಆಟ ಹಾಕಿದ. ಟಿಕ್. ಬಿಸಿಯಲ್ಲ.

ಮಂಗಳವಾರ ಕರೆಂಟಿನ ಮೇಲೆ ಅನುಮಾನ ಬಂತು. ಪಕ್ಕದ ಐಸ್ ಗಿರಣಿ ಶುರುವಾದರೆ ಬೀದಿಯ ಬಲ್ಬುಗಳೆಲ್ಲ ಮುಖ ಸಣ್ಣ ಮಾಡುತ್ತಿದ್ದವು. ಗಿರಣಿ ನಿಂತಿದ್ದಾಗ ಆಡಿ ನೋಡಿದ. ಟಿಕ್. ಕರೆಂಟೂ ಅಲ್ಲ. ಬುಧವಾರ ಆಟದ ಒಳಗೆ ಹೋಗಿ ಭಾರ ಇಳಿಸಿದ. ಹುಲ್ಲು ಬೋಳಿಸಿದ, ನೆರಳು ಕಿತ್ತ, ಮೈದಾನದ ಪ್ರೇಕ್ಷಕರನ್ನೆಲ್ಲ ಎಬ್ಬಿಸಿ ಮನೆಗೆ ಕಳಿಸಿದ. ಆಟಗಾರರು ಸ್ಮಶಾನದಲ್ಲಿ ಆಡುವವರ ಹಾಗೆ ಆಡಿದರು. ಆದರೂ ಟಿಕ್. ಮೆಮೊರಿ ಪಟ್ಟಿ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕಿದ, ಹಿಂದೆ ಸಿಕ್ಕಿಸಿದ್ದ ಬೇಡದ ವೈರುಗಳನ್ನೆಲ್ಲ ಕಿತ್ತ. ಟಿಕ್, ಟಿಕ್.

ಡೋಟೋ ಬಾಗಿಲಲ್ಲೇ ಇದ್ದ. “ಫುಂಡಿ, ಇದಕ್ಕೆ ಮಾಟ ಮಾಡ್ಸಿದಾರೆ. ನಿನ್ನ ತಿರುಪುಳಿಗೆ ಇಳಿಯಲ್ಲ, ಕೋಳಿ ಕೊಯ್ಯಿ.”

“ಮೊದ್ಲು ನಿನ್ನ ನಾಲಿಗೆ ಕೊಯ್ತೀನಿ, ಆಮೇಲೆ ಕೋಳಿ.”

ಫುಂಡಿಯ ಕಸುಬಿಗೆ ಒಂದು ಶಾಸ್ತ್ರ ಇದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದನ್ನು ಬದಲಾಯಿಸು, ಓಡಿಸು, ನೋಡು. ಆಮೇಲೆ ಇನ್ನೊಂದು. ಇಲ್ಲದಿದ್ದರೆ ರೋಗ ಹೋದರೂ ಯಾವ ಮದ್ದಿಗೆ ಹೋಯಿತೆಂದು ತಿಳಿಯುವುದಿಲ್ಲ. ಅವನು ಆ ಶಾಸ್ತ್ರವನ್ನು ಯಾವತ್ತೂ ಮುರಿದವನಲ್ಲ. ಆದರೆ ಶುಕ್ರವಾರ ಬಂದಿತ್ತು. ಶಿಜಾ ಮೀನು ಹೊರುತ್ತಾ ಹೊರುತ್ತಾ ಬಾಗಿಲಲ್ಲಿ ಇಣುಕಿ ನಗುತ್ತಿದ್ದ. ಆ ನಗು ನೋಡಿ ಫುಂಡಿ ಶಾಸ್ತ್ರ ಮುರಿದ.

ಒಂದೇ ಸಲಕ್ಕೆ ಎಲ್ಲ ಮಾಡಿದ. ಧೂಳೆಲ್ಲ ಊದಿ ತೆಗೆದ. ಹಳೆಯ ಫ್ಯಾನು ಕಿತ್ತು ಬೇರೆ ಹಾಕಿದ. ಬಿಸಿ ಇಳಿಸಲು ಒಳಗೆ ಹಚ್ಚಿದ್ದ ಮುಲಾಮು ಒಣಗಿತ್ತು, ಅದನ್ನು ಕೆರೆದು ಹೊಸದನ್ನು ಬಳಿದ. ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ, ಸತ್ತ ಲ್ಯಾಪ್‌ಟಾಪೊಂದರ ಡಿಸ್ಕನ್ನು ಕೂರಿಸಿದ. ಆಟವನ್ನು ಮತ್ತೆ ಬುಡದಿಂದ ಹಾಕಿ, ಪರದೆ ಎಷ್ಟು ವೇಗದಲ್ಲಿ ಓಡಬೇಕೆಂಬುದಕ್ಕೂ ಮೂಗುದಾರ ಹಾಕಿದ. ಸ್ವಿಚ್ ಒತ್ತಿದ.

ಟಿಕ್ ಇಲ್ಲ. ಆಟ ಬೆಳಗಿನ ಸರೋವರದ ಹಾಗೆ ನುಣ್ಣಗೆ, ಒಂದು ಅಲೆಯಿಲ್ಲದೆ ಹರಿಯಿತು. ಕುಲ್ವಾನವ್ವ ಕೈಮುಗಿದಳು. ಡೋಟೋನ ಬಾಯಿಂದ ಕಡಲೆಕಾಯಿ ಬಿತ್ತು. ಫುಂಡಿ ಕುಣಿಯುವುದೊಂದು ಬಾಕಿ.

ಆ ಊರಿನ ಫುಂಡಿಗಳು ರಿಪೇರಿಯಾದ ಮೇಲೆ ಹಳೆಯ ಭಾಗವನ್ನು ಕೈಗೆ ಕೊಟ್ಟೇ ಕಳಿಸುವುದು. ನೋಡಪ್ಪಾ, ನಿಜವಾಗಿಯೂ ಬದಲಾಯಿಸಿದ್ದೇನೆ ಅನ್ನುವುದಕ್ಕೆ ಅದೇ ಸಾಕ್ಷಿ. ಕುಲ್ವಾನವ್ವ “ಆ ಕಬ್ಬಿಣ ನಂಗ್ಯಾಕಪ್ಪಾ, ಕಾಲಿಗೆ ತೊಡರೋಕಾ?” ಅಂದಳು. ಹಾಗಾಗಿ ಫುಂಡಿ ಹಳೆಯ ಡಿಸ್ಕನ್ನು ಮದುವೆ ಮನೆಯ ತಾಂಬೂಲದ ಹಾಗೆ ಶಿಜಾನ ಅಂಗೈ ಮೇಲಿಟ್ಟ.

“ತಗೋ. ನಿನ್ನ ಮಾತಿಗೆ ಕಲ್ಲು ಹಾಕ್ತಿದ್ದೋನು ಬಹುಶಃ ಇವನೇ.”

ಶಿಜಾ ಅದನ್ನು ತಿರುಗಿಸಿ ನೋಡಿ, ತೂಗಿ ನೋಡಿ, ಜೇಬಿಗೆ ಹಾಕಿಕೊಂಡ.

ಶನಿವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದ್ದವರ ಭುಜದ ಮೇಲೆ ಬಂದವರು, ಬಂದವರ ತಲೆಯ ಮೇಲೆ ಮಕ್ಕಳು. ಮಗೇಸಾ ಅಜ್ಜ ಇಸ್ತ್ರಿ ಹಾಕಿದ ಬಿಳಿ ಟೋಪಿಯಲ್ಲಿ ಬಂದು ಕುರ್ಚಿಯಲ್ಲಿ ಕೂತ. ಎಲ್ಲರೂ “ಶಿಕಾಮೋ” ಅಂದರು, ಅಜ್ಜ “ಮರಹಬಾ” ಅಂದ. ಶಿಜಾ ಒಗೆದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಂದಿದ್ದ. ಆಟ ಶುರುವಾಯಿತು.

“ಬಂದ ನೋಡಿ, ಎಡಗಡೆಯಿಂದ ಬಂದ, ಸಂತೆಗೆ ತಡ ಆದ...”

ಅಷ್ಟೇ. ಅಲ್ಲಿ ಅವನು ಏನನ್ನೋ ಕಾದ. ಬರಬೇಕಾದದ್ದೇನೋ ಬರಲಿಲ್ಲ. ಆಟ ನಿಲ್ಲದೆ ಹರಿಯುತ್ತಲೇ ಹೋಯಿತು. ಬಸ್ಸಿನ ಹಿಂದೆ ಓಡುವವನ ಹಾಗೆ ಶಿಜಾ ಅದರ ಹಿಂದೆ ಬಿದ್ದ.

“ಸೊ... ಸೊ... ಸೊ...”

ಯಾರೋ ನಕ್ಕರು. ಮೊದಲು ಜನ ಅದೂ ಒಂದು ತಮಾಷೆ ಅಂದುಕೊಂಡರು. ಪರದೆಯ ಮೇಲೆ ಚೆಂಡು ಆ ಕಡೆಯಿಂದ ಈ ಕಡೆಗೆ ಬಂದು, ಶಿಜಾನ ಗೋಲಿನೊಳಗೇ ಹೋಯಿತು. ಅವನ ಬೆರಳು ಜಾಯ್‌ಸ್ಟಿಕ್ ಮೇಲೆ ಸತ್ತಂತಿತ್ತು. ದವಡೆ ಮಾತ್ರ ಅಲ್ಲಾಡುತ್ತಿತ್ತು, ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು.

“ಹೇಳೋ ಶಿಜಾ!” ಕುಲ್ವಾನವ್ವ ಹುರಿದುಂಬಿಸಿದಳು. “ಕೊಕ್ಕರೆ ಮಾತು ಹೇಳು!”

“ಕೊ... ಕೊ... ಕೊ...”

“ಮೊಟ್ಟೆ ಇಡ್ತಾನೆ ಈಗ!” ಅಂದ ಡೋಟೋ. ತಗಡಿನ ಮಾಡು ಹಾರುವ ಹಾಗೆ ನಗು ಎದ್ದಿತು. ಆ ಅಂಗಡಿಯಲ್ಲಿ ಶಿಜಾನ ಜೊತೆಗೆ ನಕ್ಕವರೇ ಎಲ್ಲ, ಶಿಜಾನನ್ನು ನೋಡಿ ನಕ್ಕದ್ದು ಅದೇ ಮೊದಲು.

ಮಗೇಸಾ ಅಜ್ಜ ಒಳ್ಳೆಯವನು. ನಗಲಿಲ್ಲ. ಎದ್ದು ಬಂದು ಶಿಜಾನ ಭುಜ ತಟ್ಟಿದ. “ಮೀನು ಹೊರೋದೂ ಮರ್ಯಾದೆ ಕೆಲಸನೇ ಮಗಾ” ಅಂದು ಟೋಪಿ ಸರಿಮಾಡಿಕೊಂಡು ಹೊರಗೆ ಹೋದ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ.

ಶಿಜಾ ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಫುಂಡಿ ಮೂಲೆ ಮಷೀನಿನ ಮುಂದೆ ಕೂತು, ಆಟವನ್ನು ತನ್ನಷ್ಟಕ್ಕೆ ಓಡಲು ಬಿಟ್ಟು, ಶಿಜಾ ಹೇಳುತ್ತಿದ್ದ ಮಾತುಗಳನ್ನು, ನಡುವೆ ಬರುತ್ತಿದ್ದ ಟಿಕ್ ಸಮೇತ, ಬಾಯಲ್ಲೇ ಹೇಳಿಕೊಂಡು ನೋಡಿದ. ಸೆರಗು ಸಿಕ್ಕಿಸಿಕೊಂಡು ಬಂದ. ಟಿಕ್. ತಂಗಳು ಉಗಾಲಿ ಅಂತ ಮುಖ ತಿರುಗಿಸ್ದ. ಟಿಕ್. ಆಗ ಹೊಳೆಯಿತು. ಹೊಳೆದ ಕೂಡಲೇ ಬಿಸಿ ಬೆಸುಗೆ ಮೈಮೇಲೆ ಬಿದ್ದವನ ಹಾಗೆ ಎದ್ದು ಮೀನುಪೇಟೆಗೆ ಓಡಿದ.

ಶಿಜಾ ದೋಣಿ ನಿಲ್ಲುವ ದಕ್ಕೆಯ ಮೇಲೆ ಸಾಟೋ ಮೀನಿನ ಪೆಟ್ಟಿಗೆ ಜೋಡಿಸುತ್ತಿದ್ದ.

“ಗೊತ್ತಾಯ್ತು ಕಣೋ!” ಫುಂಡಿ ಏದುಸಿರಲ್ಲೇ ಹೇಳಿದ. “ಅದು ಬಿಕ್ಕಳಿಸ್ದಾಗ ನೀನು ಉಸಿರು ತಗೋತಿದ್ದೆ! ಆಟ ನಿಂತಾಗ ನೀನೂ ನಿಲ್ತಿದ್ದೆ, ಅದು ಹೊರಟಾಗ ನೀನೂ ಹೊರಡ್ತಿದ್ದೆ. ಕೋಲು ಹಿಡಿದು ನಡೆದ ಹಾಗೆ ಕಣೋ. ಆ ಕೋಲನ್ನ ನಾನು ಮುರ್ದುಹಾಕ್ದೆ. ನಿಂದೇನೂ ತಪ್ಪಿಲ್ಲ!”

ಫುಂಡಿ ಒಳ್ಳೆಯ ಸುದ್ದಿ ಎಂದೇ ಹೇಳಿದ್ದು. ಶಿಜಾ ಪೆಟ್ಟಿಗೆ ಕೈಯಲ್ಲಿ ಹಿಡಿದೇ ನಿಂತ. ಅವನ ಮುಖದಲ್ಲಿ ಒಂದು ದೀಪ ಆರಿದ ಹಾಗಾಯಿತು. ಇಷ್ಟು ವರ್ಷ ತಾನೇ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದ ಮನುಷ್ಯ ಅವನು.

“ಆ ಹಳೆ ಡಿಸ್ಕ್ ಕೊಡು. ವಾಪಸ್ ಹಾಕ್ತೀನಿ. ಮೊದಲಿನ ಹಾಗೇ ಕೆಡಿಸಿ ಕೊಡ್ತೀನಿ. ಅಜ್ಜನ್ನ ಕಾಲು ಹಿಡಿದಾದ್ರೂ ಇನ್ನೊಂದ್ಸಲ ಕರ್ಕೊಂಡ್ ಬರ್ತೀನಿ.”

ಶಿಜಾ ಸರೋವರದ ಕಡೆ ಕೈ ತೋರಿಸಿದ. ಅಲ್ಲಿ ಅವನ ಮಾವ ಮಬೂಲಾ ದೋಣಿಗೆ ಡಾಂಬರು ಬಳಿಯುತ್ತಿದ್ದ. ಫುಂಡಿ ಅವನ ಹತ್ತಿರ ಓಡಿದ.

“ಆ ಪುಟ್ಟ ಕಬ್ಬಿಣದ ಡಬ್ಬಿನಾ?” ಅಂದ ಮಬೂಲಾ. “ಹಳೇ ಸಾಮಾನು ಯಾವುದಿದ್ರೂ ನಮ್ಮ ಶಿಜಾ ನಂಗೇ ತಂದ್ಕೊಡೋದು. ಮೀನು ಕರೆಯೋ ದೀಪ ತೇಲಿ ಬಿಡ್ತೀವಲ್ಲಪ್ಪಾ, ಅದರ ಕೆಳಗೆ ಲಂಗರಿಗೆ ಅಂತ ಕಟ್ಟಿದ್ದೆ. ತೂಕ ಸರಿಯಾಗಿತ್ತು ನೋಡು, ಹೇಳಿ ಮಾಡಿಸಿದ ಹಾಗೆ.”

“ಈಗೆಲ್ಲಿ?”

“ನೀರಾನೆ ಒಂದು ಬಂದು ಹಗ್ಗಾನೇ ಕಚ್ಚಿ ಹೋಯ್ತು. ಯಾಕೆ, ಬೇಕಿತ್ತಾ? ಇಳಿದು ಹುಡುಕ್ಕೋ. ನೀರಾನೆನೂ ಅಲ್ಲೇ ಇದೆ, ಕೇಳು, ಮರ್ಯಾದಸ್ಥ ಪ್ರಾಣಿ.”

ಫುಂಡಿ ಆ ನೀರನ್ನು ನೋಡುತ್ತಾ ನಿಂತ. ಆಚೆ ದಡ ಕಾಣುವುದಿಲ್ಲ. ಬೂದು ಬಣ್ಣದ ನೀರು, ಬೂದು ಬಣ್ಣದ ಆಕಾಶ, ಎಲ್ಲಿ ಹೊಲಿದಿದ್ದಾರೆಂದು ಗೊತ್ತಾಗದ ಹಾಗೆ ಸೇರಿಕೊಂಡಿತ್ತು.

ಆಮೇಲೆ ಫುಂಡಿ ಹಿಡಿದ ಕೆಲಸ ಅಲ್ಲಿಯವರೆಗೆ ಯಾವ ಫುಂಡಿಯೂ ಮಾಡಿರಲಿಲ್ಲ. ಚೆನ್ನಾಗಿರುವುದನ್ನು ಕೆಡಿಸುವುದು. ಹಳೆಯ ಫ್ಯಾನು ಹಾಕಿದ. ಹೊಸ ಮುಲಾಮು ಕೆರೆದ. ಬೀದಿಯ ಧೂಳು ತಂದು ಒಳಗೆ ಸುರಿದ. ಮೂಗುದಾರ ಬಿಚ್ಚಿದ. ಮಷೀನಿಗೆ ಕಂಬಳಿ ಹೊದಿಸಿ ಬೆವರಿಸಿದ. ಗಿರಣಿ ಶುರುವಾಗುವುದನ್ನೇ ಕಾದು ಆಡಿದ. ಊರಲ್ಲಿದ್ದ ಹಳೆಯ ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಸಿಕ್ಕಿಸಿ ನೋಡಿದ. ಕೆಲವು ಓಡಲೇ ಇಲ್ಲ, ಕೆಲವು ಓಡಿದವು. ಒಂದರಲ್ಲಿ ಆಟ ಕುಂಟಿತು, ಒಂದರಲ್ಲಿ ತೆವಳಿತು, ಒಂದರಲ್ಲಿ ಆಟಗಾರರು ಸಾರು ಕದಡಿದ ಹಾಗೆ ಕಲಸಿಹೋದರು. ಕೆಡುವುದಕ್ಕೆ ಸಾವಿರ ದಾರಿ. ಆ ಒಂದು ದಾರಿ ಸಿಗಲಿಲ್ಲ. ಶುಕ್ರವಾರ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದನಲ್ಲ, ಯಾವುದರಲ್ಲಿ ಆ ಬಿಕ್ಕಳಿಕೆ ಇತ್ತು? ಡಿಸ್ಕಿನಲ್ಲೇ? ಫ್ಯಾನು, ಧೂಳು, ಡಿಸ್ಕು ಮೂರೂ ಸೇರಿ ಹುಟ್ಟಿದ ಕೂಸೇ? ಹೇಳುವವರು ಯಾರು?

ಕುಲ್ವಾನವ್ವ ಹೆದರಿದಳು. “ಲೋ ಫುಂಡಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡ್ವೋ. ಸರಿಯಾಗಿದ್ದ ಮಷೀನಿಗೆ ಯಾಕೆ ಹಿಂಗೆ ಚಿತ್ರಹಿಂಸೆ ಕೊಡ್ತೀಯ?”

“ಇನ್ನೊಂದೇ ಒಂದು ನೋಡ್ತೀನವ್ವಾ.”

“ಇನ್ನೊಂದು ಇನ್ನೊಂದು ಅಂತ ನೀನು ಅನ್ನ ಬಿಟ್ಟು ಎಷ್ಟು ದಿನ ಆಯ್ತು ಕನ್ನಡಿಯಲ್ಲಿ ನೋಡ್ಕೋ. ಮೊನ್ನೆ ಬೆಕ್ಕು ನಿನ್ನ ಒಣಮೀನು ಅಂತ ಎಳ್ಕೊಂಡ್ ಹೋಗ್ತಿತ್ತು.”

ಮೈಕು ಡೋಟೋನ ಪಾಲಾಯಿತು. ಅಜ್ಜನಿಗೆ ಬೇರೆ ಯಾರೂ ಸಿಗಲಿಲ್ಲ, ಡೋಟೋನಿಗೆ ನಾಲಿಗೆ ಇತ್ತು, ಶಿಜಾನ ಮಾತುಗಳೆಲ್ಲ ಬಾಯಿಪಾಠವೂ ಇದ್ದವು. ಮೊದಲ ಆಟದ ದಿನ ಮಧ್ಯಾಹ್ನ ದಂಡೆಯ ಕಡೆಯಿಂದ ಅವನ ದನಿ ಗಾಳಿಯಲ್ಲಿ ತೇಲಿ ಬಂತು. ಸೊಸೆಯೂ ಬಂದಳು, ತಂಗಳು ಉಗಾಲಿಯೂ ಬಂತು, ಕೊಕ್ಕರೆಯೂ ಬಂತು. ಜನ ನಕ್ಕ ಸದ್ದೂ ಬಂತು. ಅಂಗಡಿಯಲ್ಲಿ ಫುಂಡಿಯೊಬ್ಬನೇ ಇದ್ದ. ಊರೆಲ್ಲ ದಂಡೆಯಲ್ಲಿತ್ತು.

ಆಗ ಬಾಗಿಲಲ್ಲಿ ನೆರಳು ಬಿತ್ತು. ಶಿಜಾ. ಭುಜದ ಮೇಲೆ ಮೀನಿನ ಪೊರೆ ಹಾಗೇ ಅಂಟಿತ್ತು. ಆ ಶನಿವಾರದ ನಂತರ ಅವನು ಅಂಗಡಿಗೆ ಕಾಲಿಟ್ಟಿರಲಿಲ್ಲ.

ಫುಂಡಿ ಗಡಬಡಿಸಿ ಎದ್ದ. “ಬಾ ಬಾ, ಕೂತ್ಕೋ. ಸರಿಯಾದ ಹೊತ್ತಿಗೆ ಬಂದೆ. ಈ ಸಲ ಬೇರೆ ಉಪಾಯ ಮಾಡಿದೀನಿ. ಕೆಡಿಸೋಕೆ ಹೋಗಿಲ್ಲ. ಆಟದ ಪಕ್ಕದಲ್ಲಿ ಇನ್ನೊಂದು ಪುಟ್ಟ ಕೆಲಸ ಓಡುತ್ತೆ. ಅದು ಸ್ವಲ್ಪ ಹೊತ್ತಿಗೊಂದು ಸಲ ಬಂದು ಆಟದ ಕತ್ತು ಹಿಡಿದು ನಿಲ್ಸಿ ಬಿಡುತ್ತೆ. ಎಷ್ಟು ಹೊತ್ತಿಗೆ ಅಂತ ನೀನು ಹೇಳು, ಅಷ್ಟಕ್ಕೇ ಇಡ್ತೀನಿ.”

ಶಿಜಾ ಕೂತ. ಜಾಯ್‌ಸ್ಟಿಕ್ ತೆಗೆದುಕೊಂಡ. ಆಟ ಓಡಿತು, ನಿಂತಿತು, ಓಡಿತು. ಸರಿಯಾಗಿ ನಿಂತಿತು. ಪೊಲೀಸಪ್ಪನ ಸೀಟಿಯ ಹಾಗೆ ಕರಾರುವಾಕ್ಕಾಗಿ ನಿಂತಿತು. ಶಿಜಾ ಬಾಯಿ ತೆರೆದ. ಪರದೆ ನಿಲ್ಲುವುದನ್ನೇ ಕಾಯುತ್ತಿದ್ದ. ನಿಂತಾಗ ಉಸಿರು ತೆಗೆದುಕೊಂಡ. ಹೊರಟಾಗ ಹೊರಡಲು ನೋಡಿದ. ನಡೆಯುವ ಮನುಷ್ಯ ತನ್ನ ಕಾಲನ್ನೇ ನೋಡುತ್ತಾ ನಡೆದರೆ ಏನಾಗುತ್ತದೋ ಅದೇ ಆಯಿತು.

“ಬ... ಬ... ಬ...”

ಇನ್ನೊಮ್ಮೆ ನಿಂತಿತು. ಇನ್ನೊಮ್ಮೆ ಉಸಿರು ತೆಗೆದುಕೊಂಡ. “ಬ...”

ಫುಂಡಿಗೆ ಆಗ ತಿಳಿಯಿತು. ಸರೋವರದ ತಳದಿಂದ ಆ ಡಿಸ್ಕನ್ನೇ ಎತ್ತಿ ತಂದು ಸಿಕ್ಕಿಸಿದ್ದರೂ ಇಷ್ಟೇ. ಮಷೀನು ಕೆಟ್ಟಿದ್ದನ್ನು ಒಂದು ಸಲ ತಿರುಪುಳಿಯಲ್ಲಿ ಸರಿ ಮಾಡಿದ್ದ. ಉಳಿದದ್ದನ್ನು ದಕ್ಕೆಯ ಮೇಲೆ ನಿಂತು ತನ್ನ ಬಾಯಲ್ಲೇ ಮುಗಿಸಿದ್ದ. ಆ ಉಸಿರಿನ ಗುಟ್ಟು ಹೇಳದೆ ಇದ್ದಿದ್ದರೆ? ಸುಮ್ಮನೆ ಬಂದು ಕೂತ್ಕೋ ಅಂದಿದ್ದರೆ?

ಶಿಜಾ ಜಾಯ್‌ಸ್ಟಿಕ್ ಕೆಳಗಿಟ್ಟ. ಮೆಲ್ಲಗೆ, ಮಲಗಿದ ಮಗುವನ್ನು ಇಟ್ಟ ಹಾಗೆ. ಎದ್ದು ಫುಂಡಿಯ ಎದುರಿಗೆ ಬಂದು ನಿಂತ. ಹೊರಗೆ ಡೋಟೋ ಗೋಲು ಗೋಲು ಎಂದು ಕಿರುಚುತ್ತಿದ್ದ.

“ಫುಂ... ಫುಂಡಿ, ನಿನ್ನ ಮೇಲೆ ನಂಗೆ ಸಿ... ಸಿ...”

ಶಿಜಾನ ಕತ್ತಿನ ನರ ಎದ್ದಿತು. ಕಣ್ಣು ಮುಚ್ಚಿಕೊಂಡ. “ಸಿ... ಸಿ...” ಆ ಮಾತು ಬಾಯಿಯ ಬಾಗಿಲಿಗೆ ಬಂದು ಬಂದು ವಾಪಸ್ ಹೋಗುತ್ತಿತ್ತು. ಹಾಗೆ ಸಿಕ್ಕಿಕೊಂಡು ಒದ್ದಾಡುವುದನ್ನು ನೋಡಿಕೊಂಡಿರಲು ಫುಂಡಿಯ ಕೈಲಿ ಆಗಲಿಲ್ಲ.

“ಸಿಟ್ಟಿಲ್ಲ ಅಂತ ತಾನೇ?” ಅಂದುಬಿಟ್ಟ.

ಶಿಜಾ ಕಣ್ಣು ತೆರೆದ. ಇನ್ನೂ ಸ್ವಲ್ಪ ಹೊತ್ತು ದವಡೆ ಅಲ್ಲಾಡಿತು. ಆಮೇಲೆ ಬಾಯಿ ಮುಚ್ಚಿತು. ಪೇಟೆಯಲ್ಲಿ ಗಿರಾಕಿಗಳು ಈ ಬುಟ್ಟಿ ತಾನೇ ಎಂದು ಕೇಳಿದಾಗ ಆಡಿಸುತ್ತಿದ್ದ ಹಾಗೆ ತಲೆಯಾಡಿಸಿದ. ಫುಂಡಿಯ ಹೆಗಲ ಮೇಲೆ ಒಂದು ಸಲ ಕೈಯಿಟ್ಟು, ಬಾಗಿಲು ದಾಟಿ, ದಂಡೆಯ ಕಡೆಗೆ ಹೋಗದೆ ದಕ್ಕೆಯ ಕಡೆಗೆ ತಿರುಗಿ ನಡೆದ.

ಅವನ ಬಾಯಲ್ಲಿದ್ದದ್ದು ಆ ಮಾತೇ ಆಗಿತ್ತೋ ಬೇರೆಯೋ, ಫುಂಡಿ ಮತ್ತೆ ಕೇಳಲಿಲ್ಲ.